ನಿಮಗಿದು ಗೊತ್ತೇ? ಎಡ, ಬಲ ಮತ್ತು ಅತಿ ಬಲ

ಧಾರೇಶ್ವರದಲ್ಲಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಡಿ. ಕುಮಟಾ, ಅಂಕೋಲಾ, ಕಾರವಾರ, ಮಾಜಾಳಿ. ನೂರು ಕಿಲೋಮೀಟರ್ ತುಂಬುವ ಮೊದಲೇ ಗೋವಾ ಗಡಿ! 1961ರ ಡಿಸೆಂಬರ್‌ವರೆಗೆ ಆ ಗಡಿಯ ಆಚೆ ನಡೆಯುತ್ತಿದ್ದದ್ದು ಯುರೋಪಿನ ಒಂದು ಬಲಪಂಥೀಯ ಸರ್ವಾಧಿಕಾರ. ಗೋವಾ ಆಗ ಪೋರ್ಚುಗಲ್ ಕೈಯಲ್ಲಿತ್ತು, ಪೋರ್ಚುಗಲ್ ಸಾಲಜಾರ್ ಎಂಬವನ ಕೈಯಲ್ಲಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಸರ್ವಾಧಿಕಾರ ಅಷ್ಟು ಹತ್ತಿರ ಇತ್ತು!

ಈ ಸಾಲಜಾರ್ ಮಿಲಿಟರಿಯವನಲ್ಲ. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಮೇಷ್ಟ್ರು! 1932ರಲ್ಲಿ ಪ್ರಧಾನಿಯಾದ. ದೇಶಕ್ಕೆ ಒಂದೇ ಪಕ್ಷ, ಪತ್ರಿಕೆಗಳಿಗೆ ಕತ್ತರಿ, ಜನರ ಹಿಂದೆ ಗುಪ್ತ ಪೊಲೀಸರು. 36 ವರ್ಷ ಇದೇ ಪಾಠ!

ಅವನು ಫ್ಯಾಸಿಸ್ಟ್ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಪೋರ್ಚುಗಲ್‌ನಲ್ಲಿ ನೀಲಿ ಅಂಗಿ ತೊಟ್ಟು ಮೆರವಣಿಗೆ ಹೊರಡುವ, ಫ್ಯಾಸಿಸ್ಟರ ಮಾದರಿಯ ಒಂದು ಸಂಘಟನೆ ಇತ್ತು. 1934ರಲ್ಲಿ ಅದನ್ನು ನಿಷೇಧಿಸಿದ್ದು ಸಾಕ್ಷಾತ್ ಸಾಲಜಾರ್! ಬೀದಿಯಲ್ಲಿ ಗದ್ದಲ ಎಬ್ಬಿಸುವ ಬಲಪಂಥೀಯರನ್ನು ಕಂಡರೆ ಕುರ್ಚಿಯಲ್ಲಿ ಕೂತ ಬಲಪಂಥೀಯನಿಗೇ ಆಗುತ್ತಿರಲಿಲ್ಲ.

1968ರಲ್ಲಿ ಸಾಲಜಾರ್ ಕುರ್ಚಿಯಿಂದ ಬಿದ್ದ. ರೂಪಕ ಅಲ್ಲ, ನಿಜವಾದ ಕುರ್ಚಿಯಿಂದಲೇ! ಆಮೇಲೆ ಕಾಯಿಲೆ ಹೆಚ್ಚಾಗಿ ಬೇರೆಯವರು ಪ್ರಧಾನಿಯಾದರು. ಆದರೆ ಸುತ್ತಲಿನವರು ಆ ಸುದ್ದಿ ಅವನಿಗೆ ಹೇಳಲೇ ಇಲ್ಲ. 1970ರಲ್ಲಿ ಸಾಯುವವರೆಗೂ ತಾನೇ ದೇಶ ಆಳುತ್ತಿದ್ದೇನೆ ಎಂದುಕೊಂಡಿದ್ದನಂತೆ!

ಗೋವಾ ಬಿಡುಗಡೆಗೆ 1955ರಲ್ಲಿ ಸತ್ಯಾಗ್ರಹಿಗಳು ಗಡಿ ದಾಟಿದರು. ಯಾರು ಯಾರಿದ್ದರು ನೋಡಿ! 'ಕರ್ನಾಟಕ ಕೇಸರಿ' ಎಂದೇ ಹೆಸರಾದ ಜನಸಂಘದ ಜಗನ್ನಾಥರಾವ್ ಜೋಶಿ. ಸಮಾಜವಾದಿ ಮಧು ಲಿಮಯೆ. ಜೊತೆಗೆ ಕಮ್ಯುನಿಸ್ಟರು. ಬಲಪಂಥೀಯ ಸರ್ವಾಧಿಕಾರದ ವಿರುದ್ಧ ಬಲ, ಎಡ ಎಲ್ಲರೂ ಒಂದೇ ಸಾಲಿನಲ್ಲಿ! ಜೋಶಿ, ಲಿಮಯೆ ಇಬ್ಬರೂ ಪೋರ್ಚುಗೀಸರ ಜೈಲಿನ ಊಟ ಉಂಡವರು.

ಇನ್ನೂ ಒಂದಿದೆ. ಗೋವಾಕ್ಕೆ ಸೈನ್ಯ ಕಳಿಸಿ ಬಿಡುಗಡೆ ಮಾಡಿದ್ದು ಕಾಂಗ್ರೆಸ್ ಸರ್ಕಾರ. ಎರಡು ವರ್ಷ ಕಳೆದು 1963ರಲ್ಲಿ ಅಲ್ಲಿ ಮೊದಲ ವಿಧಾನಸಭೆ ಚುನಾವಣೆ ನಡೆಯಿತು. ಗೋವಾದ 28 ಸೀಟುಗಳಲ್ಲಿ ಕಾಂಗ್ರೆಸ್‌ಗೆ ಬಂದದ್ದೆಷ್ಟು? ಸೊನ್ನೆ! ದಮನ್‌ನಲ್ಲಿ ಮಾತ್ರ ಒಂದು. ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿಯಾದರು, ದೆಹಲಿ ಒಪ್ಪಿಕೊಂಡಿತು. ಬಿಡಿಸಿಕೊಟ್ಟವರನ್ನೇ ಸೋಲಿಸುವ ಹಕ್ಕು. ಸಾಲಜಾರ್ ಕಾಲದಲ್ಲಿ ಊಹಿಸಲೂ ಆಗದ ಮಾತು!

ಎಲ್ಲಿಂದ ಬಂತು ಈ ಎಡ–ಬಲ?

ಕೂತ ಜಾಗದಿಂದ! 1789, ಫ್ರಾನ್ಸ್. ಸಭೆ ಮಾಡಿದ ನಿರ್ಣಯವನ್ನು ತಳ್ಳಿಹಾಕುವ ಅಧಿಕಾರ ರಾಜನಿಗೆ ಬೇಕೇ, ಬೇಡವೇ? ಬೇಕು ಎಂದವರು ಅಧ್ಯಕ್ಷರ ಬಲಕ್ಕೆ ಕೂತರು. ಬೇಡ ಎಂದವರು ಎಡಕ್ಕೆ. ಇನ್ನೂರು ವರ್ಷ ದಾಟಿದೆ, ಜಗತ್ತು ಇನ್ನೂ ಆ ಬೆಂಚುಗಳಿಂದ ಎದ್ದಿಲ್ಲ!

ಹಾಗಾದರೆ ಎಡ–ಬಲಕ್ಕೆ ಒಂದೇ ಸಾಲಿನ ಗುರುತು ಉಂಟೇ? ಇಟಲಿಯ ಚಿಂತಕ ನಾರ್ಬೆರ್ಟೊ ಬಾಬ್ಬಿಯೊ 1994ರಲ್ಲಿ ಒಂದು ಕೊಟ್ಟರು. ಜನರ ನಡುವಿನ ಮೇಲು–ಕೀಳು ತಗ್ಗಿಸಲೇಬೇಕು ಎಂದರೆ ಎಡ. ಅದರಲ್ಲಿ ಬಹುಪಾಲು ಸಹಜ, ಇದ್ದರೆ ತಪ್ಪೇನಿಲ್ಲ ಎಂದರೆ ಬಲ. ದೇವರು, ಬಾವುಟ, ಬಣ್ಣ ಯಾವುದರ ಮಾತೂ ಇಲ್ಲ!

ಬಲಪಂಥ ಎಂದ ಕೂಡಲೇ ಧರ್ಮ ಬರಲೇಬೇಕೆಂದಿಲ್ಲ. 1959ರಲ್ಲಿ ರಾಜಾಜಿ ಮತ್ತು ಗೆಳೆಯರು ಕಟ್ಟಿದ ಸ್ವತಂತ್ರ ಪಕ್ಷ ನೋಡಿ. ಲೈಸೆನ್ಸ್ ಬೇಡ, ಪರ್ಮಿಟ್ ಬೇಡ, ಸರ್ಕಾರ ವ್ಯಾಪಾರ ಮಾಡುವುದು ಬೇಡ. ಇಷ್ಟೇ ಮಂತ್ರ! 1967ರಲ್ಲಿ 44 ಸೀಟು ಗೆದ್ದು ಲೋಕಸಭೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿರೋಧ ಪಕ್ಷವಾಯಿತು.

ಆ ಪಕ್ಷ ಕಟ್ಟಿದವರಲ್ಲಿ ಮೀನೂ ಮಸಾನಿ ಒಬ್ಬರು. ಇದೇ ಮಸಾನಿ 1934ರಲ್ಲಿ ಯಾವ ಪಕ್ಷ ಕಟ್ಟಿದವರಲ್ಲಿ ಒಬ್ಬರು ಗೊತ್ತೇ? ಕಾಂಗ್ರೆಸ್ ಸಮಾಜವಾದಿ ಪಕ್ಷ! ಒಂದೇ ಆಯುಷ್ಯದಲ್ಲಿ ಎಡದ ಬಾಗಿಲಿಗೂ ಬಲದ ಬಾಗಿಲಿಗೂ ಪೂಜೆ ಮಾಡಿದವರು.

ಕಾರ್ಮಿಕರಿಗೆ ಆರೋಗ್ಯ ವಿಮೆ ಕೊಡುವುದು ಎಡಪಂಥೀಯರ ಕೆಲಸ ಅಂದುಕೊಂಡಿರಾ? 1883ರಲ್ಲಿ ಇಡೀ ದೇಶಕ್ಕೆ ಅದನ್ನು ಕಾನೂನಾಗಿ ಕೊಟ್ಟವನು ಜರ್ಮನಿಯ ಬಿಸ್ಮಾರ್ಕ್. ಅಪ್ಪಟ ಸಂಪ್ರದಾಯವಾದಿ, ರಾಜನ ಬಂಟ! ಅದಕ್ಕೆ ಐದು ವರ್ಷ ಮೊದಲು ಸಮಾಜವಾದಿಗಳ ಸಭೆಗಳಿಗೇ ನಿಷೇಧ ಹೇರಿದ್ದವನೂ ಅವನೇ. ಎದುರಾಳಿಯ ಬಾಯಿ ಮುಚ್ಚಿಸಿ ಅವನ ಬೇಡಿಕೆ ತಾನೇ ಈಡೇರಿಸಿದ!

'ಅತಿ' ಶುರುವಾಗುವುದು ಎಲ್ಲಿ?

ಬಲಪಂಥೀಯ ಉಗ್ರವಾದ ಎಂದರೇನು? ಡಚ್ ವಿದ್ವಾಂಸ ಕಾಸ್ ಮುಡ್ಡೆ ಪುಸ್ತಕ ರಾಶಿ ಹಾಕಿಕೊಂಡು ಹುಡುಕಿದರು. ಸಿಕ್ಕಿದ್ದು 26 ವ್ಯಾಖ್ಯೆಗಳು! ಅವುಗಳಲ್ಲಿ 58 ಬೇರೆ ಬೇರೆ ಲಕ್ಷಣಗಳು! ಅರ್ಧದಷ್ಟಾದರೂ ಲೇಖಕರು ಹೇಳಿದ್ದು ಐದೇ ಐದು: ರಾಷ್ಟ್ರೀಯವಾದ, ಜನಾಂಗ ದ್ವೇಷ, ಹೊರಗಿನವರ ಭಯ, ಪ್ರಜಾಪ್ರಭುತ್ವದ ವಿರೋಧ, ಬಲಿಷ್ಠ ಪ್ರಭುತ್ವದ ಆಸೆ.

ಇದೇ ಮುಡ್ಡೆ ಎಳೆದ ಗೆರೆ ಇನ್ನೂ ಸೊಗಸು. ಚುನಾವಣೆ ಒಪ್ಪುತ್ತಾರೆ, ಆದರೆ ಅಲ್ಪಸಂಖ್ಯಾತರ ಹಕ್ಕು, ಕೋರ್ಟಿನ ಅಂಕುಶ ಅಂದರೆ ಸಿಡಿಮಿಡಿ. ಇವರು ತೀವ್ರ ಬಲ. ಜನರ ಮತದಿಂದ ಸರ್ಕಾರ ಎಂಬ ವಿಚಾರವೇ ಬೇಡ ಎನ್ನುವವರು ಉಗ್ರ ಬಲ. ಎರಡಕ್ಕೂ ಈಚೆ, ಕಾನೂನಿನ ಒಳಗೆ ಇರುವುದು ಸಾದಾ ಬಲಪಂಥ. ಮೂರೂ ಬೇರೆ ಬೇರೆ!

ಜರ್ಮನಿಯ ಸರ್ಕಾರವೂ ಇಂಥದ್ದೇ ಲೆಕ್ಕ ಇಟ್ಟುಕೊಂಡಿದೆ. ವ್ಯವಸ್ಥೆಯನ್ನು ಬುಡದಿಂದ ಬದಲಿಸಬೇಕು ಎಂದು ವಾದಿಸಿ, ಅಡ್ಡಿಯಿಲ್ಲ. ಸಂವಿಧಾನದ ಪ್ರಜಾಪ್ರಭುತ್ವದ ಬೇರನ್ನೇ ಕೀಳಲು ಹೊರಟರೆ ಮಾತ್ರ ಉಗ್ರವಾದಿ. ಆ ಪ್ರಜಾಪ್ರಭುತ್ವವನ್ನು ಕಾಯಲೆಂದೇ ಒಂದು ಗುಪ್ತಚರ ಇಲಾಖೆ! ಎಡದವರನ್ನೂ ಬಲದವರನ್ನೂ ಮತದ ಹೆಸರಿನವರನ್ನೂ ಅದು ಬೇರೆ ಬೇರೆ ಪಟ್ಟಿಯಲ್ಲಿ ಬರೆದಿಡುತ್ತದೆ.

ಉಗ್ರರ ನೆಂಟಸ್ತಿಕೆ

ಫ್ಯಾಸಿಸಂ ಹುಟ್ಟುಹಾಕಿದ ಮುಸೊಲಿನಿ ಮೊದಲು ಏನಾಗಿದ್ದ? ಸಮಾಜವಾದಿ ಪಕ್ಷದ ಪತ್ರಿಕೆಯ ಸಂಪಾದಕ! ಅಪ್ಪ ಕಮ್ಮಾರ, ಕಡು ಸಮಾಜವಾದಿ. ಮಗನಿಗೆ ಬೆನಿಟೊ ಎಂದು ಹೆಸರಿಟ್ಟದ್ದು ಮೆಕ್ಸಿಕೊದ ಉದಾರವಾದಿ ನಾಯಕ ಬೆನಿಟೊ ಹುವಾರೆಸ್ ನೆನಪಿಗೆ. 1914ರಲ್ಲಿ ಯುದ್ಧ ಬೇಕು ಎಂದು ಹಟ ಹಿಡಿದಾಗ ಪಕ್ಷ ಅವನನ್ನು ಹೊರಹಾಕಿತು. ಹೆಸರು ಉದಾರವಾದಿಯದು, ಮನೆ ಸಮಾಜವಾದಿಯದು, ಕೆಲಸ ಫ್ಯಾಸಿಸ್ಟನದು!

ಹಿಟ್ಲರ್ ಪಕ್ಷದ ಪೂರ್ತಿ ಹೆಸರಿನಲ್ಲಿ 'ಸಮಾಜವಾದಿ' ಇತ್ತು, 'ಕಾರ್ಮಿಕರ ಪಕ್ಷ' ಎಂದೂ ಇತ್ತು. ಆದರೆ 1933ರ ಮಾರ್ಚ್‌ನಲ್ಲಿ ಡಕಾವ್ ಬಂಧನ ಶಿಬಿರ ತೆರೆದಾಗ ಮೊದಲು ಒಳಗೆ ತಳ್ಳಿದ್ದು ಕಮ್ಯುನಿಸ್ಟರನ್ನು, ಸಮಾಜವಾದಿಗಳನ್ನು! ಕಾರ್ಮಿಕ ಸಂಘಗಳಿಗೆ ಅದೇ ಮೇ ತಿಂಗಳಲ್ಲಿ ಬೀಗ. ಬೋರ್ಡು ನೋಡಿ ಮೋಸ ಹೋಗಬೇಡಿ!

ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾನೂನು 1933ರ ಮಾರ್ಚ್ 23ರಂದು ಸಂಸತ್ತಿಗೆ ಬಂತು. ಕಮ್ಯುನಿಸ್ಟರಿಗೆ ಒಳಗೆ ಪ್ರವೇಶವೇ ಇಲ್ಲ. ಬೇಡ ಎಂದು ಮತ ಹಾಕಿದ್ದು ಸೋಶಿಯಲ್ ಡೆಮಾಕ್ರಟರು ಮಾತ್ರ, 94 ಜನ! ಉಳಿದ ಸಂಪ್ರದಾಯವಾದಿ, ಮಧ್ಯಮ ಪಕ್ಷಗಳೆಲ್ಲ ಕೈ ಎತ್ತಿದವು. ನಾಲ್ಕು ತಿಂಗಳಲ್ಲಿ ಆ ಪಕ್ಷಗಳೂ ಇಲ್ಲ!

ಸಂಪ್ರದಾಯವಾದಿಗಳು ಯಾವಾಗಲೂ ಹೀಗೆ ಸೋಲುತ್ತಾರೆಯೇ? ಇಲ್ಲ! 1932ರಲ್ಲಿ ಫಿನ್ಲೆಂಡಿನ ಬಲಪಂಥೀಯ ಉಗ್ರರು ಬಂದೂಕು ಹಿಡಿದು ದಂಗೆ ಎದ್ದರು. ಅಲ್ಲಿನ ರಾಷ್ಟ್ರಪತಿ ಸ್ವಿನ್ಹುಫ್ವುಡ್ ಕೂಡ ಬಲಪಂಥೀಯರೇ, ಕಮ್ಯುನಿಸ್ಟರ ಕಡು ವಿರೋಧಿ. ರೇಡಿಯೊದಲ್ಲಿ ಒಂದು ಭಾಷಣ ಮಾಡಿದರು: ಮನೆಗೆ ಹೋಗಿ. ಹೆಚ್ಚಿನವರು ಹೋದರು! ಬಲದ ಉಗ್ರರನ್ನು ಬಲದವರೇ ನಿಲ್ಲಿಸಿದರು.

ಎರಡು ತುದಿಯವರು ಹತ್ತಿರ ಬರುತ್ತಾರೆ, ಕುದುರೆ ಲಾಳದ ಹಾಗೆ! ಇದು ಫ್ರೆಂಚ್ ಚಿಂತಕ ಜ್ಯಾಂ ಪಿಯರ್ ಫಾಯ್ ಹೆಸರಿಗೆ ಅಂಟಿಕೊಂಡ ಸಿದ್ಧಾಂತ. 1939ರ ಆಗಸ್ಟ್‌ನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಕೈಕುಲುಕಿದ್ದನ್ನು ಇದಕ್ಕೆ ಸಾಕ್ಷಿ ಎನ್ನುವವರಿದ್ದಾರೆ. ಎರಡೇ ವರ್ಷದಲ್ಲಿ ಅವರಿಬ್ಬರೂ ಇತಿಹಾಸದ ಅತಿ ಭೀಕರ ಯುದ್ಧಕ್ಕೆ ಇಳಿದರಲ್ಲ ಎಂದು ನಗುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ!

ಜರ್ಮನಿಯಲ್ಲಿ ಹುಟ್ಟಿ ಬ್ರಿಟನ್‌ಗೆ ಹೋದ ಮನಶ್ಶಾಸ್ತ್ರಜ್ಞ ಐಸೆಂಕ್ 1954ರಲ್ಲಿ ಬೇರೆ ನಕ್ಷೆ ಬರೆದರು. ಒಂದೇ ಗೆರೆ ಸಾಲದು, ಎರಡು ಬೇಕು! ಎಡ–ಬಲ ಒಂದು. ಮೆದು ಮನಸ್ಸು–ಗಡಸು ಮನಸ್ಸು ಇನ್ನೊಂದು. ಕಮ್ಯುನಿಸ್ಟ್ ಎಡಕ್ಕೆ, ಫ್ಯಾಸಿಸ್ಟ್ ಬಲಕ್ಕೆ. ಆದರೆ ಇಬ್ಬರೂ ಗಡಸಿನ ಮನೆಯವರು!

ನಮ್ಮವರ ಕಥೆ ಇನ್ನೂ ಸ್ವಾರಸ್ಯ

ರಾಮ ಮನೋಹರ ಲೋಹಿಯಾ ಓದಿದ್ದು ಎಲ್ಲಿ? ಬರ್ಲಿನ್‌ನಲ್ಲಿ! 1933ರಲ್ಲಿ, ಹಿಟ್ಲರ್ ಪಟ್ಟಕ್ಕೆ ಬಂದ ವರ್ಷವೇ, ಡಾಕ್ಟರೇಟ್ ಮುಗಿಸಿ ಹೊರಟರು. 1946ರಲ್ಲಿ ಮಡಗಾಂವ್‌ನಲ್ಲಿ ಸಾಲಜಾರ್ ಆಡಳಿತದ ವಿರುದ್ಧ ದನಿ ಎತ್ತಿದರು. 1951ರಲ್ಲಿ ಸಾಗರದ ಬಳಿ ಕಾಗೋಡಿನ ಗೇಣಿದಾರರ ಜೊತೆ ನಿಂತು ಬಂಧನಕ್ಕೊಳಗಾದರು. ನಾಜಿಗಳ ಬರ್ಲಿನ್‌ನಿಂದ ಘಟ್ಟದ ಮೇಲಿನ ಕಾಗೋಡಿನವರೆಗೆ, ಎಂಥ ಪಯಣ!

ಹಿಂದುತ್ವದ ಸಿದ್ಧಾಂತ ಬರೆದ ಸಾವರ್ಕರ್ ನಾಸ್ತಿಕರು! ಹಸು ಉಪಯೋಗಿ ಪ್ರಾಣಿ, ಪೂಜಿಸುವ ಅಗತ್ಯವಿಲ್ಲ ಎಂದವರು. ಪಾಕಿಸ್ತಾನ ಕೇಳಿದ ಜಿನ್ನಾ ಸೂಟುಬೂಟಿನ ವಕೀಲರು, ಮತಾಚರಣೆಯ ಗೊಡವೆ ಅವರಿಗೆ ಅಷ್ಟಿರಲಿಲ್ಲ. ಇತ್ತ 1941ರಲ್ಲಿ ಜಮಾತೆ ಇಸ್ಲಾಮಿ ಕಟ್ಟಿದ ಮೌಲಾನಾ ಮೌದೂದಿ, ಮುಸ್ಲಿಂ ಲೀಗಿನ ಪಾಕಿಸ್ತಾನ ಬೇಡಿಕೆಯನ್ನೇ ಒಪ್ಪಿರಲಿಲ್ಲ. ಭಕ್ತಿಗೂ ಧರ್ಮದ ರಾಜಕೀಯಕ್ಕೂ ಎಷ್ಟು ದೂರ ನೋಡಿ!

1943ರಲ್ಲಿ ಸಿಂಧ್ ವಿಧಾನಸಭೆ ಪಾಕಿಸ್ತಾನದ ಪರ ನಿರ್ಣಯ ಮಾಡಿತು. ಆಗಿನ ಸರ್ಕಾರ ಮುಸ್ಲಿಂ ಲೀಗಿನದು. ಅದರಲ್ಲಿ ಪಾಲುದಾರರು ಯಾರು? ಹಿಂದೂ ಮಹಾಸಭೆಯ ಮಂತ್ರಿಗಳು! ನಿರ್ಣಯದ ವಿರುದ್ಧ ಮತ ಹಾಕಿದರು, ಸರ್ಕಾರದಲ್ಲಿ ಮಾತ್ರ ಮುಂದುವರಿದರು!

ಗಾಂಧೀಜಿ ಹತ್ಯೆಯ ನಂತರ 1948ರ ಫೆಬ್ರುವರಿ 4ರಂದು ಆರ್‌ಎಸ್‌ಎಸ್ ನಿಷೇಧವಾಯಿತು. ಕೊಲೆ ಪ್ರಕರಣದಲ್ಲಿ ಸಂಸ್ಥೆಯ ಮೇಲೆ ಆರೋಪ ಸಾಬೀತಾಗಲಿಲ್ಲ. 1949ರ ಜುಲೈನಲ್ಲಿ ನಿಷೇಧ ತೆರವಾದದ್ದು ಹೇಗೆ? ಸಂಘ ತನಗೊಂದು ಲಿಖಿತ ನಿಯಮಾವಳಿ ಬರೆದುಕೊಂಡ ಮೇಲೆ! ಅದುವರೆಗೆ ಅಷ್ಟು ದೊಡ್ಡ ಸಂಸ್ಥೆಗೆ ಅಂಥದ್ದೇ ಇರಲಿಲ್ಲ.

ಇದು ಇನ್ನೂ ವಿಚಿತ್ರ. 1975ರ ತುರ್ತು ಪರಿಸ್ಥಿತಿಯಲ್ಲಿ ಆರ್‌ಎಸ್‌ಎಸ್ ಮತ್ತು ಜಮಾತೆ ಇಸ್ಲಾಮಿ ಹಿಂದ್ ಒಂದೇ ದಿನ ನಿಷೇಧವಾದವು. ಆ ಪಟ್ಟಿಯಲ್ಲಿ ನಕ್ಸಲ್ ಗುಂಪುಗಳೂ ಇದ್ದವು! 1992ರ ಡಿಸೆಂಬರ್‌ನಲ್ಲಿ ಸಂಘ, ಜಮಾತೆ ಎರಡೂ ಮತ್ತೊಮ್ಮೆ ಒಂದೇ ದಿನ ನಿಷೇಧ. ಒಬ್ಬರನ್ನೊಬ್ಬರು ಒಪ್ಪದವರು ಗೆಜೆಟ್‌ನಲ್ಲಿ ಮಾತ್ರ ಅಕ್ಕಪಕ್ಕ!

ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಹೋಗಿದ್ದೀರಾ? ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಅಲ್ಲಿ ಜನಸಂಘದ ವಾಜಪೇಯಿ, ಅಡ್ವಾಣಿ ಇದ್ದರು. ಅದೇ ಗೋಡೆಯೊಳಗೆ ಸಮಾಜವಾದಿ ಮಧು ದಂಡವತೆಯೂ ಇದ್ದರು. 1977ರಲ್ಲಿ ಮೂವರೂ ಒಂದೇ ಸಂಪುಟದ ಮಂತ್ರಿಗಳು!

ಬಿಜೆಪಿ 1980ರಲ್ಲಿ ಹುಟ್ಟಿದಾಗ ಹೇಳಿಕೊಂಡ ಸಿದ್ಧಾಂತ ಯಾವುದು? 'ಗಾಂಧಿವಾದಿ ಸಮಾಜವಾದ'! ಆರ್‌ಎಸ್‌ಎಸ್ ಬಳಗದ್ದೇ ಆದ ಭಾರತೀಯ ಮಜ್ದೂರ್ ಸಂಘ 1955ರಿಂದ ಕಾರ್ಮಿಕ ಸಂಘಟನೆ ನಡೆಸುತ್ತಿದೆ. ಸರ್ಕಾರಿ ಕಂಪನಿ ಮಾರುತ್ತೇವೆ ಎಂದರೆ ಅದೂ ಕೆಂಬಾವುಟದವರ ಹಾಗೆಯೇ ಬೇಡ ಎನ್ನುತ್ತದೆ!

ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದರು. ಪಕ್ಷಕ್ಕೆ ಬಹುಮತ ಇಲ್ಲ. ಹೊರಗಿನಿಂದ ಕೈಹಿಡಿದವರು ಯಾರು? 18 ಶಾಸಕರ ಬಿಜೆಪಿ. ಜೊತೆಗೆ ಕಮ್ಯುನಿಸ್ಟರು! ನಮ್ಮ ಜಿಲ್ಲೆಯ ಒಬ್ಬರ ಕುರ್ಚಿಗೆ ಎಡಗಾಲೂ ಬಲಗಾಲೂ ಒಟ್ಟಿಗೆ!

ನಮ್ಮದೇ ಸೀಮೆಯ ದಿನಕರ ದೇಸಾಯಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡಿಪಾರಾದವರು. 1967ರಲ್ಲಿ ಅದೇ ಜಿಲ್ಲೆ ಅವರನ್ನು ಲೋಕಸಭೆಗೆ ಕಳಿಸಿತು. ಯಾವ ಪಕ್ಷ? ಯಾವುದೂ ಅಲ್ಲ, ಪಕ್ಷೇತರ! ಜನರ ಬಾಯಲ್ಲಿ ಅವರು ಇಂದಿಗೂ ಚುಟುಕು ಕವಿ.

ಸೊರಬದ ಬಂಗಾರಪ್ಪ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದ ಪಕ್ಷಗಳನ್ನು ಎಣಿಸಿ. 1996ರಲ್ಲಿ ಸ್ವಂತ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ! ಮತದಾರ ಅದೇ, ಅಭ್ಯರ್ಥಿ ಅದೇ, ಸಿದ್ಧಾಂತ ಮಾತ್ರ ಹೊಸದು!

ನಗು ನಿಲ್ಲುವ ಕಡೆ

ಭಟ್ಕಳದ ಚೆನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಊರಿನ ಹಳೆಯ ಮುಸ್ಲಿಂ ಮನೆತನಗಳಿಗೆ ಹೋಗಿ ಆಹ್ವಾನ ಕೊಡುವ ಪದ್ಧತಿ ಇದೆ. ತೇರು ರಾಮನವಮಿಗೆ. 1993ರ ಏಪ್ರಿಲ್‌ನಲ್ಲಿ ಅದೇ ರಾಮನವಮಿಯ ದಿನಗಳಲ್ಲಿ ಹೊತ್ತಿದ ಗಲಭೆ ತಿಂಗಳುಗಟ್ಟಲೆ ಆರಲಿಲ್ಲ. ತನಿಖೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಬಂತು. 1996ರಲ್ಲಿ ಅಲ್ಲಿನ ಬಿಜೆಪಿ ಶಾಸಕ ಡಾ. ಯು. ಚಿತ್ತರಂಜನ್ ಗುಂಡಿಗೆ ಬಲಿಯಾದರು. ಅದೇ ಊರಿನ ಕೆಲವರ ಹೆಸರು ಮುಂದೆ ಇಂಡಿಯನ್ ಮುಜಾಹಿದೀನ್ ಎಂಬ ಉಗ್ರ ಸಂಘಟನೆಯ ಜೊತೆ ದೇಶವಿಡೀ ಕೇಳಿಬಂತು. ಆಹ್ವಾನದ ಪದ್ಧತಿ ಮಾತ್ರ ಇವೆಲ್ಲವನ್ನೂ ದಾಟಿ ಉಳಿದಿದೆ!

2017ರ ಡಿಸೆಂಬರ್. ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಕೊಲೆ ಎಂಬ ಮಾತು ಹಬ್ಬಿತು. ಕೆಲವೇ ದಿನಗಳಲ್ಲಿ ಕುಮಟಾದಲ್ಲಿ ಪೊಲೀಸ್ ಐಜಿಪಿಯ ವಾಹನಕ್ಕೇ ಬೆಂಕಿ! ಸಿಬಿಐ ತನಿಖೆ ಮಾಡಿ 2022ರಲ್ಲಿ ಕೊಟ್ಟ ವರದಿ ಹೇಳಿದ್ದು: ಆಕಸ್ಮಿಕವಾಗಿ ಮುಳುಗಿ ಸಾವು. ಮಾತು ಹಬ್ಬಲು ಒಂದು ದಿನ ಸಾಕಾಯಿತು, ಉತ್ತರ ಬರಲು ಐದು ವರ್ಷ ಹಿಡಿಯಿತು.

2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂಎಂ ಪಿಸ್ತೂಲು ಎಂದಿತು ವಿಧಿವಿಜ್ಞಾನ ವರದಿ! ಗೌರಿ ಪ್ರಕರಣದ ಆರೋಪಪಟ್ಟಿ 9,235 ಪುಟ. ಬೇರೆ ಬೇರೆ ಹಿಂದುತ್ವವಾದಿ ಸಂಘಟನೆಗಳಿಂದ ಬಂದವರು ಸೇರಿ ಕಟ್ಟಿದ ಗುಂಪು ಎಂದರು ತನಿಖೆಗಾರರು. ಗುಂಪಿನ ಹೆಸರು? ಹೆಸರೇ ಇಲ್ಲ! ಇದು ಆರೋಪಪಟ್ಟಿಯ ಮಾತು, ತೀರ್ಪಿನ ಮಾತಲ್ಲ.

ದೆಹಲಿಯ ಗೃಹ ಇಲಾಖೆಯಲ್ಲಿ 2006ರಿಂದ 'ಎಡಪಂಥೀಯ ಉಗ್ರವಾದ'ಕ್ಕೆ ಪ್ರತ್ಯೇಕ ವಿಭಾಗ ಇದೆ. 'ಬಲಪಂಥೀಯ ಉಗ್ರವಾದ' ಎಂಬ ಬೋರ್ಡಿನ ವಿಭಾಗ ಇಲ್ಲ! ನಮ್ಮ ರಾಜ್ಯದಲ್ಲಿ ಇನ್ನೊಂದು ತಮಾಷೆ. ನಕ್ಸಲರು ಶರಣಾದ ಮೇಲೆ, 2025ರ ಜೂನ್‌ನಲ್ಲಿ ನಕ್ಸಲ್ ನಿಗ್ರಹ ಪಡೆಯ 248 ಮಂದಿಯನ್ನು ತೆಗೆದು ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಮಾಡಿದರು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ. ಪೊಲೀಸರು ಅವರೇ, ಹುಡುಕುವವರು ಬೇರೆ!

ಫ್ರಾನ್ಸಿನಲ್ಲಿ ಹುಟ್ಟಿದ ಒಬ್ಬ ಹೆಂಗಸು ಸಾವಿತ್ರಿ ದೇವಿ ಎಂದು ಹೆಸರಿಟ್ಟುಕೊಂಡು ಕಲ್ಕತ್ತಾದಲ್ಲಿ ನೆಲೆಸಿದಳು. ಬಂಗಾಳಿ ಪತ್ರಕರ್ತನನ್ನು ಮದುವೆಯಾದಳು. ಹಿಟ್ಲರ್ ಒಬ್ಬ ಅವತಾರ ಪುರುಷ ಎಂದು 1958ರಲ್ಲಿ ಪುಸ್ತಕವನ್ನೇ ಬರೆದಳು! ಯುರೋಪಿನ ನವನಾಜಿಗಳಿಗೆ ಈಗಲೂ ಅದು ಪ್ರಿಯ.

ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನರನ್ನು ಕೊಂದ ಬ್ರೀವಿಕ್ ಮುಸ್ಲಿಂ ದ್ವೇಷಿ. ತನ್ನ ಪಡೆಗೆಂದು ಬ್ಯಾಡ್ಜ್ ಮಾಡಿಸಿದ್ದೆಲ್ಲಿ? ವಾರಾಣಸಿಯಲ್ಲಿ! ಕಡಿಮೆ ರೇಟು ಎಂದು. ಮಾಡಿಕೊಟ್ಟವರು ಮುಸ್ಲಿಂ ನೇಕಾರರು! ಅವನ ಸಾವಿರದೈನೂರು ಪುಟದ ಘೋಷಣಾಪತ್ರದ ಕೆಲವು ಭಾಗಗಳೂ ಸ್ವಂತದ್ದಲ್ಲ. ಅಮೆರಿಕದ ಬಾಂಬ್ ಹಂತಕ 'ಯೂನಾಬಾಂಬರ್' ಬರೆದದ್ದನ್ನು ನಕಲು ಹೊಡೆದು ಶತ್ರುವಿನ ಹೆಸರು ಬದಲಿಸಿದ್ದ, ಅಷ್ಟೇ!

ಹತ್ತು ವರ್ಷದ ಹುಡುಗನೊಬ್ಬ 1942ರಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ. ವಿಷಯ: ಮುಸೊಲಿನಿಯ ಕೀರ್ತಿಗಾಗಿ ನಾವು ಸಾಯಬೇಕೇ? ಹುಡುಗನ ಉತ್ತರ: ಹೌದು! ಅವನೇ ದೊಡ್ಡವನಾಗಿ, ಫ್ಯಾಸಿಸಂ ಗುರುತಿಸಲು 14 ಲಕ್ಷಣಗಳ ಪಟ್ಟಿ ಬರೆದ ಉಂಬರ್ಟೊ ಎಕೊ. ಒಳಗಿದ್ದವರಿಗೇ ಹೆಚ್ಚು ಗೊತ್ತು!

ಕೊನೆಯದಾಗಿ, ಸೋತಾಗ ಏನು ಮಾಡುತ್ತಾರೆ ನೋಡಿ. 1999ರ ಏಪ್ರಿಲ್ 17. ವಾಜಪೇಯಿ ಸರ್ಕಾರದ ವಿಶ್ವಾಸಮತ. ಪರ 269, ವಿರುದ್ಧ 270. ಒಂದೇ ಒಂದು ಮತ! ಬಲಪಂಥೀಯ ಪಕ್ಷದ ಪ್ರಧಾನಿ ಅಂದೇ ರಾಜೀನಾಮೆ ಕೊಟ್ಟರು. ಬಂದೂಕಿಲ್ಲ, ಬೆಂಕಿಯಿಲ್ಲ. ಬಲ ಬೇರೆ, ಉಗ್ರ ಬಲ ಬೇರೆ ಎನ್ನಲು ಇದಕ್ಕಿಂತ ಚಿಕ್ಕ ಲೆಕ್ಕ ಬೇಕೇ? ಅದೇ ವರ್ಷ ಚುನಾವಣೆ ನಡೆದು ವಾಜಪೇಯಿ ಮತ್ತೆ ಪ್ರಧಾನಿಯಾದರು. ನಮ್ಮ ಕೆನರಾ ಕ್ಷೇತ್ರ? ಬಿಜೆಪಿ ಕೈಯಿಂದ ಕಿತ್ತು ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ ಅವರಿಗೆ ಕೊಟ್ಟಿತು. ದೆಹಲಿ ಒಂದು ಕಡೆ, ನಾವು ಇನ್ನೊಂದು ಕಡೆ, ಯಾರ ಮನೆಗೂ ಪೊಲೀಸರು ಬರಲಿಲ್ಲ!